ಹಿತುಕವರೆ, ಚೊಂಬು ಮತ್ತು ನನ್ನ ಏಳು ಮಕ್ಕಳು

ವಿಶೇಷ ಮಕ್ಕಳಿಗೆ ಕಣ್ಣು-ಕೈ ಹೊಂದಾಣಿಕೆ ಕಲಿಸೋಕೆ ಪೆಗ್ ಬೋರ್ಡು (ತೂತಿಗೆ ಗೂಟ ಸಿಕ್ಕಿಸೋ ಹಲಗೆ), ಮಣಿ ಪೋಣಿಸೋದು, ಸೆಗೇನ್ ಬೋರ್ಡು (ಆಕಾರದ ತುಂಡುಗಳನ್ನು ಅದರದರ ಗುಳಿಯಲ್ಲಿ ಕೂರಿಸೋ ಹಲಗೆ) ಎಲ್ಲ ನೀವೂ ಮಾಡಿಸಿರುತ್ತೀರಿ. ನಾನೂ ಮಾಡಿಸಿದೆ. ಕೈಯಿಂದ ಹೆಚ್ಚುಕಮ್ಮಿ 4,000 ರೂಪಾಯಿ ಹೋಯಿತು. ಮಂಡ್ಯದ ನನ್ನ ತರಗತಿಯಲ್ಲಿ ಏಳೂ ಮಕ್ಕಳದು ಒಂದೇ ಕತೆ: ಕೈ ಪೆಗ್ ಮೇಲೆ, ಕಣ್ಣು ಕಿಟಕಿ ಮೇಲೆ. ಅರ್ಧ ಮಣಿ ಬೆಂಚಿನ ಕೆಳಗೆ ಸೇರಿದವು.

ಅವರೆಕಾಯಿ ಕಾಲ ಬಂತು. ನೆನೆಸಿದ ಕಾಳು ಹಿತುಕಿಸೋಣ ಅಂದೆ. ಹೆಬ್ಬೆರಳು, ತೋರುಬೆರಳಿಗೆ ಇದಕ್ಕಿಂತ ಒಳ್ಳೆ ಕೆಲಸ ಯಾವುದಿದೆ? "ಮಕ್ಕಳ ಕೈಲಿ ಅಡುಗೆ ಕೆಲಸ ಮಾಡಿಸ್ತೀರಾ ಮೇಡಂ?" ಅಂತ ಒಬ್ಬ ತಂದೆ ಸಿಟ್ಟಾದರು. ಜೊತೆಯ ಟೀಚರ್ ನಕ್ಕರು: "ನಮ್ಮಜ್ಜಿ ಸೀರಿಯಲ್ ನೋಡ್ಕೊಂಡೇ ಎರಡು ಸೇರು ಹಿತುಕ್ತಾರೆ. ಕಣ್ಣಿಗೇನ್ರೀ ಕೆಲಸ?"

ಆ ಟೀಚರ್ ಹೇಳಿದ್ದೇ ಸರಿಯಾಯಿತು. ಮೊದಲ ವಾರ ಒಬ್ಬ ಕಾಳನ್ನು ಮೂಗಿಗೆ ತುರುಕಲು ಹೋದ. ಆವತ್ತಿನಿಂದ ಎಣಿಸಿ ಕೊಡುತ್ತೇನೆ, ಎಣಿಸಿ ವಾಪಸ್ ತಗೋತೇನೆ. ಮೂರನೇ ವಾರಕ್ಕೆ ಬೆರಳು ಕಲಿತವು, ಕಣ್ಣು ಮತ್ತೆ ಕಿಟಕಿಗೆ ಹೋಯಿತು.

ಆಗ ಬೇಳೆ ಬೀಳುವ ಪಾತ್ರೆ ಬದಲಾಯಿಸಿದೆ. ಮೊದಲು ಊಟದ ತಟ್ಟೆ, ಆಮೇಲೆ ಬೋಸಿ, ಕೊನೆಗೆ ಸ್ಟೀಲ್ ಚೊಂಬು. ಬಾಯಿ ಕಿರಿದಾದಷ್ಟೂ ನೋಡದೆ ವಿಧಿಯಿಲ್ಲ. ಒಳಗೆ ಬಿದ್ದರೆ 'ಟಿಣ್' ಅನ್ನುತ್ತೆ, ಅದೇ ಬಹುಮಾನ. ಹನ್ನೊಂದು ವರ್ಷದ ಹುಡುಗನೊಬ್ಬ ನಾಲಿಗೆ ಕಚ್ಚಿಕೊಂಡು ಒತ್ತಿದ. ಬೇಳೆ ಹಾರಿ ನನ್ನ ಕನ್ನಡಕಕ್ಕೆ ಬಡಿಯಿತು. ಹೊಟ್ಟೆ ಹಿಡ್ಕೊಂಡು ನಕ್ಕ. ಮುಂದಿನ ಕಾಳಿಗೆ ಮೊದಲು ಚೊಂಬಿನೊಳಗೆ ಇಣುಕಿದ, ಮಣಿಕಟ್ಟು ಬಗ್ಗಿಸಿದ, ಆಮೇಲೆ ಒತ್ತಿದ. ಟಿಣ್!

ಖರ್ಚು ತಿಂಗಳಿಗೆ 700-800 ರೂಪಾಯಿ ಇರಬೇಕು. ಬೇಳೆಯನ್ನು ಡಬ್ಬಿಗೆ ಹಾಕಿ ಮನೆಗೆ ಕಳಿಸಿದೆ. ಸಿಟ್ಟಾಗಿದ್ದ ಆ ತಂದೆಯೇ "ಸಾರು ಚೆನ್ನಾಗಿತ್ತು" ಅಂದರು! ಕಾಲ ಮುಗಿದ ಮೇಲೆ ಒಣ ಅವರೆ ನೆನೆಸಿದೆ. ಸಿಪ್ಪೆ ಬಿಡದೆ ಮಕ್ಕಳು ರೇಗಿದವು. ಬಿಸಿನೀರಲ್ಲಿ ರಾತ್ರಿಯಿಡೀ ಬಿಟ್ಟರೆ ಪರವಾಗಿಲ್ಲ.

ಮಧ್ಯೆ ರಂಗೋಲಿ ಚುಕ್ಕಿ ಪ್ರಯೋಗವೂ ಆಯಿತು. ಪುಡಿ ಊದಿ ಹಬ್ಬ ಮಾಡಿದರು. ಚೌಕಾಬಾರದ ಕವಡೆಯಲ್ಲಿ ಆಟ ಜಾಸ್ತಿ, ಕೆಲಸ ಕಮ್ಮಿ. ತಟ್ಟೆಯಲ್ಲಿ ಮರಳು ಹಾಕಿ ಗೆರೆ ಎಳೆಸಿದ್ದು ಮಾತ್ರ ಉಳಿದಿದೆ.

ನಾಲ್ಕು ತಿಂಗಳಿಗೆ ಏಳರಲ್ಲಿ ಐವರು ಹತ್ತು ಕಾಳಿಗೆ ಏಳೆಂಟು ಚೊಂಬಿಗೆ ಬೀಳಿಸುತ್ತಿದ್ದರು. ಇಬ್ಬರು ಶರ್ಟಿನ ಗುಂಡಿ ತಾವೇ ಹಾಕಿಕೊಂಡರು. ವೃತ್ತ ಬರೆಯೋದರಲ್ಲೇ ನಿಂತುಹೋಗಿದ್ದ ಒಬ್ಬಳು ಚೌಕ ನೋಡಿ ಬರೆದಳು. ಮೂಲೆ ಸ್ವಲ್ಪ ಸೊಟ್ಟ, ಆದರೂ ನಾಲ್ಕು ಮೂಲೆ! ನಕ್ಕಿದ್ದ ಟೀಚರ್ ಈಗ ಚೊಂಬು ಕೇಳಿಕೊಂಡು ಬರುತ್ತಾರೆ.

ಉಳಿದ ಇಬ್ಬರಲ್ಲಿ ಏನೂ ಬದಲಾಗಲಿಲ್ಲ. ಒಬ್ಬಳ ಕಣ್ಣು ಪರೀಕ್ಷೆ ಮಾಡಿಸಿದರೆ ಪವರ್ ಇತ್ತು. ಮೊದಲೇ ಮಾಡಿಸಬೇಕಿತ್ತು, ತಪ್ಪು ನನ್ನದು. ಕನ್ನಡಕ ಬಂದಿದೆ. ಅವಳ ಜೊತೆ ಮತ್ತೆ ಊಟದ ತಟ್ಟೆಯಿಂದ ಶುರು ಮಾಡಿದ್ದೇನೆ.