ಲಾಗಿನ್ ಪಾಸ್‌ವರ್ಡ್ ನಂಬಿಕೊಂಡು ಕೂತಿದ್ದೆ

ಹೋದ ದೀಪಾವಳಿಗೆ ನಾವು ಊರಿಗೆ ಹೋಗಿದ್ದಾಗ ಮೈಸೂರಿನ ನಮ್ಮ ಬೀದಿಯಲ್ಲೇ ಒಂದು ಮನೆಗೆ ಕಳ್ಳರು ನುಗ್ಗಿದರು. ಒಡವೆ ಸಿಗಲಿಲ್ಲ, ಲ್ಯಾಪ್‌ಟಾಪ್ ಹೊತ್ತುಕೊಂಡು ಹೋದರು. ಸುದ್ದಿ ಕೇಳಿದ ಕೂಡಲೇ ನನಗೆ ನೆನಪಾಗಿದ್ದು ಹಾಲ್‌ನಲ್ಲಿರುವ ಉಬುಂಟು (ಲಿನಕ್ಸ್‌ನ ಒಂದು ಬಗೆ, ವಿಂಡೋಸ್ ಥರದ ಆಪರೇಟಿಂಗ್ ಸಿಸ್ಟಮ್) ಹಾಕಿದ ನನ್ನ ಡೆಸ್ಕ್‌ಟಾಪ್. ಆಧಾರ್, ಪ್ಯಾನ್, ಮನೆ ಪತ್ರದ ಸ್ಕ್ಯಾನ್ ಎಲ್ಲ ಅದರಲ್ಲೇ ಇದೆ. ಲಾಗಿನ್ ಪಾಸ್‌ವರ್ಡ್ ಇದೆಯಲ್ಲ ಅಂತ ಸಮಾಧಾನ ಮಾಡಿಕೊಂಡೆ.

ವಾಪಸ್ ಬಂದವನು ನಾನೇ ಕಳ್ಳನಾಗಿ ನೋಡಿದೆ. ಬೂಟ್ ಆಗುವಾಗ, ಅಂದರೆ ಕಂಪ್ಯೂಟರ್ ಶುರುವಾಗುವಾಗ, ಯಾವ ಸಿಸ್ಟಮ್ ಬೇಕು ಅಂತ ಕೇಳುವ ಗ್ರಬ್ ಮೆನು ತರಿಸಿ 'ಇ' ಒತ್ತಿ, ಕರ್ನಲ್ (ಸಿಸ್ಟಮ್ಮಿನ ತಿರುಳು) ಸಾಲಿನ ಕೊನೆಗೆ, ಎಂದಿನಂತೆ ಉಳಿದದ್ದನ್ನೆಲ್ಲ ಶುರು ಮಾಡುವ ಇನಿಟ್ ಬದಲು ಆಜ್ಞೆ ಟೈಪ್ ಮಾಡುವ ಬ್ಯಾಶ್ ಓಡಿಸು ಅಂತ ಸೇರಿಸಿ ಎಫ್10 ಒತ್ತಿದರೆ ಆಯ್ತು, ಪಾಸ್‌ವರ್ಡ್ ಕೇಳದೆ ನೇರ ರೂಟ್, ಅಂದರೆ ಎಲ್ಲ ಅಧಿಕಾರ ಕೈಗೆ! ಅದೂ ಬೇಡ, ಲೈವ್ ಪೆನ್‌ಡ್ರೈವ್ (ಅದರಿಂದಲೇ ಕಂಪ್ಯೂಟರ್ ಶುರುವಾಗುತ್ತೆ) ಹಾಕಿದರೆ ನನ್ನ ಹೋಮ್ ಫೋಲ್ಡರ್ ಸುಮ್ನೆ ತೆರೆದುಕೊಳ್ಳುತ್ತೆ. ಸರಿ, ಆನ್ ಮಾಡಿದ ಕೂಡಲೇ ಎಲ್ಲಕ್ಕಿಂತ ಮೊದಲು ಓಡುವ ಬಯಾಸ್‌ಗೆ ಪಾಸ್‌ವರ್ಡ್ ಹಾಕಿದೆ. ಕ್ಯಾಬಿನೆಟ್ ಬಿಚ್ಚಿ ಮದರ್‌ಬೋರ್ಡಿನ ಗುಂಡಗಿನ ಸಿಆರ್2032 ಸೆಲ್ ತೆಗೆದು ಸ್ವಲ್ಪ ಹೊತ್ತು ಬಿಟ್ಟು ಹಾಕಿದರೆ ಅದೂ ಹೋಯ್ತು. ಬಿಚ್ಚೋಕೆ ಬೇಕಾಗಿದ್ದು ಒಂದು ಸ್ಕ್ರೂಡ್ರೈವರ್, ಅಷ್ಟೇ.

ಕೊನೆಗೆ ಲಕ್ಸ್‌ಗೆ ಬಂದೆ. ಸೋಪಲ್ಲ ಮಾರಾಯ್ರೇ, ಲಿನಕ್ಸ್‌ನಲ್ಲಿ ಡಿಸ್ಕನ್ನೇ ಎನ್‌ಕ್ರಿಪ್ಟ್ ಮಾಡುವ, ಅಂದರೆ ಕೀಲಿ ಇಲ್ಲದೆ ಓದಲಾಗದ ಹಾಗೆ ಮಾಡುವ ವ್ಯವಸ್ಥೆ. ಇರುವ ಸಿಸ್ಟಮ್ಮನ್ನೇ ಎನ್‌ಕ್ರಿಪ್ಟ್ ಮಾಡಬಹುದು, ಆದರೆ ನನಗೆ ಧೈರ್ಯ ಸಾಲಲಿಲ್ಲ. ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್‌ಗೆ ಬ್ಯಾಕಪ್ ತೆಗೆದು, ಇನ್‌ಸ್ಟಾಲ್ ಮಾಡುವಾಗಲೇ ಎನ್‌ಕ್ರಿಪ್ಷನ್ ಆರಿಸಿಕೊಂಡೆ. ಬೂಟ್ ಹೊತ್ತಿನಲ್ಲಿ ಕನ್ನಡ ಕೀಬೋರ್ಡ್ ಇರುವುದಿಲ್ಲ, ಹಾಗಾಗಿ ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕೈದು ಕನ್ನಡ ಪದಗಳನ್ನು ಪಾಸ್‌ಫ್ರೇಸ್ (ಉದ್ದದ ಪಾಸ್‌ವರ್ಡ್) ಆಗಿ ಇಂಗ್ಲಿಷ್ ಅಕ್ಷರದಲ್ಲಿ ಹೊಡೆಯುತ್ತೇನೆ. ಒರಳು, ನೇರಳೆ, ಪಂಚಾಂಗ, ಕೊಡೆ, ಈ ಥರ. (ಇದು ನನ್ನದಲ್ಲ, ಪ್ರಯತ್ನ ಪಡಬೇಡಿ.) ಗಾದೆ, ಹಾಡಿನ ಸಾಲು ಮಾತ್ರ ಬೇಡ, ಅವು ಎಲ್ಲರ ಬಾಯಲ್ಲೂ ಇರುತ್ತವೆ.

ಒಂದು ವಾರದಲ್ಲೇ ಫಜೀತಿ ಶುರು. ನಾನು ಆಫೀಸಿನಲ್ಲಿದ್ದಾಗ ಕರೆಂಟ್ ಹೋಗಿ ಬಂತು, ಸಿಸ್ಟಮ್ ಆನ್ ಆಗಿ ಪಾಸ್‌ಫ್ರೇಸ್ ಕೇಳುತ್ತಾ ನಿಂತುಬಿಟ್ಟಿತು. ಹೆಂಡತಿ ಫೋನ್ ಮಾಡಿ, "ರೀ, ಇದೇನು ಕೇಳ್ತಿದೆ, ನಾನು ಬಿಲ್ ಕಟ್ಟೋದು ಬೇಡ್ವಾ?" ಅಂದಳು. ಅವತ್ತು ಸಂಜೆಯೇ ಅವಳಿಗೆ ಬೇರೆ ಪಾಸ್‌ಫ್ರೇಸ್ ಸೇರಿಸಿದೆ, ಲಕ್ಸ್‌ನಲ್ಲಿ ಒಂದೇ ಡಿಸ್ಕ್‌ಗೆ ಹೀಗೆ ಹಲವು ಕೀಲಿ ಇಡಬಹುದು. ಈ ಕೀಲಿಗಳ ವಿವರ ಇರುವ ಹೆಡರ್‌ನ ಬ್ಯಾಕಪ್ಪನ್ನೂ ಪೆನ್‌ಡ್ರೈವ್‌ಗೆ ಹಾಕಿ ಅತ್ತೆ ಮನೆ ಬೀರುವಿನಲ್ಲಿಟ್ಟೆ. ಹೆಡರ್ ಕೆಟ್ಟರೆ ಪಾಸ್‌ಫ್ರೇಸ್ ಗೊತ್ತಿದ್ದೂ ಡೇಟಾ ಸಿಗಲ್ಲ.

ಸ್ಲೀಪ್‌ಗೆ ಹಾಕಿ ಹೋಗುವ ಚಟ ಬಿಡೋದು ಇನ್ನೂ ಕಷ್ಟವಾಯ್ತು. ಸ್ಲೀಪ್‌ನಲ್ಲಿದ್ದಾಗ ಕೀಲಿ ರ್‍ಯಾಮ್‌ನಲ್ಲೇ ಇರುತ್ತೆ, ಅದಕ್ಕೇ ಊರಿಗೆ ಹೊರಟರೆ ಶಟ್‌ಡೌನ್. ಇನ್ನು ಎನ್‌ಕ್ರಿಪ್ಟ್ ಆಗದ ಬೂಟ್ ಭಾಗವನ್ನು ಯಾರಾದರೂ ಗುಟ್ಟಾಗಿ ತಿದ್ದಿ ಹೋಗಬಹುದು ನಿಜ, ಆದರೆ ನಮ್ಮ ಬೀದಿಯ ಕಳ್ಳನಿಗೆ ಅಷ್ಟು ತಾಳ್ಮೆ ಇರಲಿಕ್ಕಿಲ್ಲ, ಡಿಜಿಟಲ್ ಸಹಿ ಇಲ್ಲದ ಬೂಟ್ ಪ್ರೋಗ್ರಾಂ ಓಡಲು ಬಿಡದ ಸೆಕ್ಯೂರ್ ಬೂಟ್ ಆನ್ ಮಾಡಿ ಅಲ್ಲಿಗೇ ಬಿಟ್ಟೆ.

ಇಷ್ಟೆಲ್ಲ ಮಾಡಿದ ಮೇಲೂ, ಮೊದಲು ಬ್ಯಾಕಪ್ ತೆಗೆದಿದ್ದ ಹಾರ್ಡ್ ಡಿಸ್ಕ್ ಹದಿನೈದು ದಿನ ಮಾನಿಟರ್ ಪಕ್ಕದಲ್ಲೇ ಬಿದ್ದಿತ್ತು, ಯಾವ ಎನ್‌ಕ್ರಿಪ್ಷನ್ನೂ ಇಲ್ಲದೆ. ಧೂಳು ಒರೆಸುವಾಗ ಕಣ್ಣಿಗೆ ಬಿತ್ತು.