ಚೆಂಡನ್ನು ನಾನು ಮೊದಲೇ ಎತ್ತಿಡಬೇಕಿತ್ತು

ನಮ್ಮ ನಾಯಿ ಚಿನ್ನು ಸೆಕೆ ತಾಳದೆ ಕುಸಿದಿದ್ದು ಸುಡು ಮಧ್ಯಾಹ್ನದಲ್ಲಲ್ಲ, ಬೆಳಿಗ್ಗೆ ಒಂಬತ್ತೂವರೆಗೆ. ಬಿಸಿಲು ಆಗಷ್ಟೇ ಏರುತ್ತಿತ್ತು. ನಾನು ಚೆಂಡು ಎಸೆಯುತ್ತಿದ್ದೆ, ಅವಳು ಓಡಿ ತರುತ್ತಿದ್ದಳು. ನಾಲ್ಕು ವರ್ಷದ ಲ್ಯಾಬ್ರಡಾರ್. ಚೆಂಡು ಕಂಡರೆ ಅವಳಿಗೆ ಬೇರೇನೂ ಬೇಡ. ನಾಲಿಗೆ ಪೂರ್ತಿ ಇಳಿಬಿದ್ದಿದ್ದು ನೋಡಿಯೂ ಇನ್ನೊಂದು ಸಲ ಎಸೆದೆ. ವಾಪಸ್ ಬರುವಾಗ ಅವಳ ಹಿಂಗಾಲುಗಳು ತೂರಾಡುತ್ತಿದ್ದವು. ಬಾಯಲ್ಲಿ ಅಂಟಂಟು ಜೊಲ್ಲು, ವಸಡು ಕಡುಕೆಂಪು.

ಎತ್ತಿಕೊಂಡು ಕಾರಿನ ಕಡೆ ಓಡಿದೆ. ಫೋನಿನಲ್ಲಿ ಡಾಕ್ಟರ್ ತಡೆದರು. ಮೊದಲು ತಂಪು ಮಾಡಿ, ಆಮೇಲೆ ಹೊರಡಿ ಎಂದರು. ನೆರಳಲ್ಲಿ ಮಲಗಿಸಿ, ಪೈಪಿನಿಂದ ಮೈತುಂಬ ತಣ್ಣೀರು ಬಿಡುತ್ತಲೇ ಇದ್ದೆ. ಹೊಟ್ಟೆ, ತೊಡೆಸಂದು, ಪಾದ ಯಾವುದನ್ನೂ ಬಿಡಲಿಲ್ಲ. ಪಕ್ಕದಲ್ಲಿದ್ದವರು ರಟ್ಟಿನಿಂದ ಗಾಳಿ ಬೀಸಿದರು. ಒದ್ದೆ ಟವಲ್ ಹೊದಿಸಲು ಹೋದರೆ ಡಾಕ್ಟರ್ ಬೇಡ ಎಂದರು. ಅದು ಬೇಗ ಬಿಸಿಯಾಗಿ ಮೈಯ ಕಾವನ್ನು ಒಳಗೇ ಹಿಡಿದಿಡುತ್ತದಂತೆ.

ಅಷ್ಟೆಲ್ಲ ನೀರು ಹಾಕಿದ ಮೇಲೂ ಕ್ಲಿನಿಕ್ಕಿನಲ್ಲಿ ಅವಳ ಮೈಬಿಸಿ 40.6 ಡಿಗ್ರಿ ಸೆಲ್ಸಿಯಸ್ ಇತ್ತು. ಆರೋಗ್ಯವಾಗಿರುವ ನಾಯಿಗೆ 38ರಿಂದ 39ರ ಆಸುಪಾಸು ಇರುತ್ತದೆ. 41 ದಾಟಿದರೆ ಕಿಡ್ನಿ, ಕರುಳು, ಮಿದುಳಿಗೆಲ್ಲ ಪೆಟ್ಟು ಬೀಳಬಹುದು. ಒಂದು ರಾತ್ರಿ ಡ್ರಿಪ್ ಹಾಕಿಸಿಕೊಂಡು ಮಲಗಿದ್ದಳು. ಉಳಿದಳು.

ನಾಯಿ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ. ಪಾದದಲ್ಲಿ ಒಂಚೂರು, ಅಷ್ಟೇ. ಉಳಿದ ಕಾವೆಲ್ಲ ತೇಕುತ್ತಾ ತೇಕುತ್ತಾ, ಬಾಯಿ ನಾಲಿಗೆಯ ತೇವ ಆರಿಯೇ ಹೊರಹೋಗಬೇಕು. ಗಾಳಿಯಲ್ಲೇ ತೇವ ಜಾಸ್ತಿ ಇದ್ದರೆ ಆ ದಾರಿಯೂ ಸರಿಯಾಗಿ ಕೆಲಸ ಮಾಡುವುದಿಲ್ಲ. ಅದಕ್ಕೇ ಮೋಡ ಕವಿದ ಸೆಕೆಯ ದಿನವನ್ನೂ ಈಗ ನಾನು ನಂಬುವುದಿಲ್ಲ. ಪಗ್, ಬುಲ್‌ಡಾಗ್‌ನಂಥ ಚಪ್ಪಟೆ ಮೂತಿಯ ನಾಯಿಗಳಿಗಂತೂ ಉಸಿರಾಡುವುದೇ ಕಷ್ಟ, ಪಾಪ. ಅವನ್ನು ಸಾಕಿದವರು ಇನ್ನೂ ಹುಷಾರಾಗಿರಬೇಕು.

ಈಗ ಬೇಸಿಗೆಯಲ್ಲಿ ನಮ್ಮ ವಾಕಿಂಗ್ ಸೂರ್ಯ ಹುಟ್ಟುವ ಮೊದಲೇ ಮುಗಿಯುತ್ತದೆ. ಸಂಜೆ ಹೊತ್ತು ಮುಳುಗಿದ ಮೇಲೂ ಡಾಂಬರು ಕಾದೇ ಇರುತ್ತದೆ, ಅಲ್ವಾ? ಹೊರಡುವ ಮೊದಲು ಅಂಗೈಯ ಹಿಂಬದಿಯನ್ನು ರಸ್ತೆಗೆ ಒತ್ತಿ ಏಳು ಸೆಕೆಂಡ್ ಎಣಿಸುತ್ತೇನೆ. ಅಷ್ಟು ಹೊತ್ತು ಇಡಲಾಗದಿದ್ದರೆ ಅವಳ ಪಾದಕ್ಕೂ ಅದು ಬೇಡ. ನೀರಿನ ಬಾಟಲಿ, ಬಟ್ಟಲು ಯಾವಾಗಲೂ ಜೊತೆಗಿರುತ್ತವೆ. ನಿಲ್ಲಿಸಿದ ಕಾರಿನಲ್ಲಿ ಅವಳನ್ನು ಐದು ನಿಮಿಷವೂ ಬಿಡುವುದಿಲ್ಲ, ಕಿಟಕಿ ಇಳಿಸಿದ್ದರೂ ಸರಿಯೇ. ಸೆಕೆ ಎಂದು ಕೂದಲು ಬೋಳಿಸಲು ಹಲವರು ಹೇಳಿದರು, ನಾನು ಒಪ್ಪಲಿಲ್ಲ. ಲ್ಯಾಬ್ರಡಾರ್‌ನ ಎರಡು ಪದರದ ತುಪ್ಪಳ ಬಿಸಿಲು ನೇರ ಚರ್ಮಕ್ಕೆ ತಾಗದಂತೆ ಕಾಯುತ್ತದೆ. ಉದುರಿದ ಕೂದಲನ್ನು ಬಾಚಿ ತೆಗೆದರೆ ಸಾಕು.

ಚೆಂಡಿನ ವಿಷಯದಲ್ಲಿ ಮಾತ್ರ ನಾನು ಬಹಳ ಬಿಗಿ. ಸಾಕು ಎಂದು ಅವಳಾಗಿ ನಿಲ್ಲಿಸುವುದಿಲ್ಲ. ಅದಕ್ಕೇ ಬೇಸಿಗೆ ಶುರುವಾದ ದಿನವೇ ಚೆಂಡು ಕಪಾಟು ಸೇರುತ್ತದೆ. ಬದಲಿಗೆ ಮನೆಯೊಳಗೆ ಅಲ್ಲಲ್ಲಿ ತಿನಿಸು ಬಚ್ಚಿಟ್ಟು ಹುಡುಕಲು ಬಿಡುತ್ತೇನೆ. ಮೊದಲ ಎರಡು ದಿನ ಕಪಾಟಿನ ಮುಂದೆಯೇ ಕೂತು ಕುಂಯ್‌ಗುಟ್ಟಿದಳು. ಮೂರನೇ ದಿನ ಮಂಚದ ಕೆಳಗೆ ಮೂಗು ತೂರಿಸಿ, ಬಾಲ ಬಡಿಯುತ್ತಾ ಹುಡುಕುತ್ತಿದ್ದಳು.