ಎರಡೇ ಡಬ್ಬಿ, ಸ್ಯಾನ್ ಇಲ್ಲ: ಹುಬ್ಬಳ್ಳಿಯಲ್ಲಿ ಎದ್ದು ನಿಂತ ಎಲ್‌ವಿಎಂ ಕ್ಲಸ್ಟರ್

"ಎರಡು ಡಬ್ಬಿ ಇಟ್ಕೊಂಡು ಕ್ಲಸ್ಟರ್ ಆಗಂಗಿಲ್ಲ ಬಿಡ್ರಿ, ಸ್ಯಾನ್ ಬೇಕ" ಅಂದವರೇ ಹೆಚ್ಚು. ಕ್ಲಸ್ಟರ್ ಅಂದರೆ ಒಂದು ಸರ್ವರ್ ಬಿದ್ದರೆ ಇನ್ನೊಂದು ಕೆಲಸ ಎತ್ತಿಕೊಳ್ಳುವ ಜೋಡಿ, ಸ್ಯಾನ್ ಅಂದರೆ ಸರ್ವರ್‌ಗಳೆಲ್ಲ ಹಂಚಿಕೊಳ್ಳುವ ಹೊರಗಿನ ಡಿಸ್ಕ್ ಪೆಟ್ಟಿಗೆ. ಸ್ಯಾನ್ ಕೊಟೇಶನ್ ಹನ್ನೊಂದು ಲಕ್ಷದ ಆಸುಪಾಸು. ಗೋಕುಲ ರೋಡಿನ ಒಂದು ಸಣ್ಣ ಕಾರ್ಖಾನೆಯ ಬಿಲ್ಲಿಂಗ್ ಡೇಟಾಬೇಸಿಗೆ ಅಷ್ಟು ಸುರಿಯುವವರು ಯಾರು? ಬೆಂಗಳೂರಿನ ಎಸ್.ಪಿ. ರೋಡಿನಿಂದ ಎರಡು ಸೆಕೆಂಡ್‌ಹ್ಯಾಂಡ್ ಸರ್ವರ್ ಬಂದವು. ತಲಾ ಎರಡು 2 ಟಿಬಿ ಎಸ್‌ಎಸ್‌ಡಿ ಮಿರರ್, ಓಎಸ್‌ಗೆ ಬೇರೆ ಸಣ್ಣ ಡಿಸ್ಕ್, ನಡುವೆ ಸ್ವಿಚ್ ಇಲ್ಲದೆ ನೇರ 10 ಗಿಗಾಬಿಟ್ ಕೇಬಲ್. ಎಲ್ಲ ಸೇರಿ ಮೂರೂವರೆ ಲಕ್ಷದೊಳಗೆ ಮುಗಿಯಿತು. ಎಂಟು ತಿಂಗಳಾಯಿತು, ಇನ್ನೂ ನಡೆಯುತ್ತಿದೆ.

ಹಾಕಿದ್ದು ಅಲ್ಮಾಲಿನಕ್ಸ್ 9 (ಲಿನಕ್ಸ್ ಓಎಸ್), ಪೇಸ್‌ಮೇಕರ್ (ಯಾವ ಸರ್ವರಿನಲ್ಲಿ ಏನು ಓಡಬೇಕೆಂದು ನೋಡಿಕೊಳ್ಳುವ ಸಾಫ್ಟ್‌ವೇರ್), ಇಎಲ್‌ರೆಪೋ ಎಂಬ ಹೊರಗಿನ ಪ್ಯಾಕೇಜ್ ಭಂಡಾರದ ಡಿಆರ್‌ಬಿಡಿ 9 (ಒಂದು ಸರ್ವರಿನ ಡಿಸ್ಕನ್ನು ನೆಟ್‌ವರ್ಕ್ ಮೂಲಕ ಇನ್ನೊಂದಕ್ಕೆ ನಕಲಿಸುವುದು). ಕೆಳಗೆ ಎಂಡಿ ರೇಡ್ (ಎರಡು ಎಸ್‌ಎಸ್‌ಡಿಯ ಮಿರರ್), ಅದರ ಮೇಲೆ ಡಿಆರ್‌ಬಿಡಿ, ಅದರ ಮೇಲೆ ಲಿನಕ್ಸಿನ ಡಿಸ್ಕ್ ಹಂಚುವ ಪದರವಾದ ಎಲ್‌ವಿಎಂ: ಪಿವಿ (ಅದಕ್ಕೆ ಒಪ್ಪಿಸಿದ ಡಿಸ್ಕ್), ವಿಜಿ (ಪಿವಿಗಳ ಗುಂಪು), ಎಲ್‌ವಿ (ಅದರಿಂದ ಕತ್ತರಿಸಿದ ವಾಲ್ಯೂಮ್), ಕೊನೆಗೆ ಎಕ್ಸ್‌ಎಫ್‌ಎಸ್ ಫೈಲ್‌ಸಿಸ್ಟಂ. ಮೊದಲ ಸಿಂಕ್‌ಗೆ ನಕಲು ವೇಗದ ಮಿತಿಯಾದ ಸಿ-ಮ್ಯಾಕ್ಸ್-ರೇಟ್ ಏರಿಸಿಕೊಳ್ಳಿ. ಡಿಫಾಲ್ಟ್ ಸೆಕೆಂಡಿಗೆ 100 ಎಂಬಿಯಷ್ಟೇ ಇರುವುದರಿಂದ ಐದಾರು ತಾಸು ಹಿಡಿಯುತ್ತದೆ. 400ಕ್ಕೆ ಇಟ್ಟಾಗ ಒಂದೂವರೆ ತಾಸಿನಲ್ಲಿ ಮುಗಿಯಿತು.

ಕೈ ಸುಟ್ಟದ್ದು ರೀಬೂಟ್‌ನಲ್ಲಿ. ಡಿಆರ್‌ಬಿಡಿಯ ಇಂಟರ್ನಲ್ ಮೆಟಾಡೇಟಾ (ಅದರದೇ ಲೆಕ್ಕಪತ್ರ) ಡಿಸ್ಕಿನ ಕೊನೆಗೆ ಕೂರುತ್ತದೆ, ಪಿವಿ ಲೇಬಲ್ ಡಿಸ್ಕಿನ ಆರಂಭದಲ್ಲಿ, ಎರಡನೇ ಸೆಕ್ಟರಿನಲ್ಲಿ. ಹಾಗಾಗಿ ಒಂದೇ ಪಿವಿ ಡಿಆರ್‌ಬಿಡಿಯಲ್ಲೂ ಕಾಣುತ್ತದೆ, ಕೆಳಗಿನ ಎಂಡಿಯಲ್ಲೂ ಕಾಣುತ್ತದೆ. ಎರಡನೇ ಸರ್ವರ್ ಏಳುವಾಗ ಎಲ್‌ವಿಎಂ ಮೊದಲು ಓಡಿಹೋಗಿ ಎಂಡಿಯನ್ನೇ ಹಿಡಿದು ಕೂತಿತು. ಆಮೇಲೆ ಬಂದ ಡಿಆರ್‌ಬಿಡಿಗೆ "ಡಿವೈಸ್ ಬ್ಯುಸಿ". ಎಲ್‌ವಿಎಂ ಕಾನ್ಫಿಗ್‌ನಲ್ಲಿ ಎಂಡಿಯನ್ನು ನೋಡಬೇಡ ಎಂದು ಫಿಲ್ಟರ್ ಬರೆದರೂ ಜಗ್ಗಲಿಲ್ಲ, ಏಕೆಂದರೆ ಇನಿಟ್‌ರ್ಯಾಮ್‌ಎಫ್‌ಎಸ್ (ಬೂಟ್‌ನ ಮೊದಲ ಹಂತದ ಪುಟ್ಟ ಲಿನಕ್ಸ್) ಒಳಗೆ ಹಳೆಯ ಕಾನ್ಫಿಗ್ಗೇ ಇತ್ತು.

ಅಲ್ಮಾಲಿನಕ್ಸ್ 9ರಲ್ಲಿ ಫಿಲ್ಟರ್ ಬಿಡಿ, ಎಲ್‌ವಿಎಂ ಮುಟ್ಟಬಹುದಾದ ಡಿಸ್ಕ್‌ಗಳ ಪಟ್ಟಿಯಾದ ಡಿವೈಸಸ್ ಫೈಲ್ ಹಿಡಿಯಿರಿ. ಅದು ಇದ್ದರೆ ಫಿಲ್ಟರ್ ಕಡೆ ಎಲ್‌ವಿಎಂ ತಿರುಗಿಯೂ ನೋಡುವುದಿಲ್ಲ. ವಿಜಿ ಮಾಡಿದ ಸರ್ವರಿನಲ್ಲಿ ಅದು ತಾನಾಗಿ ಹುಟ್ಟುತ್ತದೆ. ಇನ್ನೊಂದರಲ್ಲಿ ನೀವೇ ಎಲ್‌ವಿಎಂಡಿವೈಸಸ್ ಆಡ್‌ಡೆವ್ ಕೊಟ್ಟು ಡಿಆರ್‌ಬಿಡಿ 0 ಒಂದನ್ನೇ ಸೇರಿಸಬೇಕು. ಅಲ್ಲಿನ ಡಿಆರ್‌ಬಿಡಿ ಸೆಕೆಂಡರಿ (ಬರೀ ನಕಲು ಪಡೆಯುವ ಕಡೆ) ಇದ್ದಾಗ ಸೇರಿಸಲು ಹೋದರೆ "ರಾಂಗ್ ಮೀಡಿಯಂ ಟೈಪ್" ಅನ್ನುತ್ತದೆ. ಅದನ್ನು ಪ್ರೈಮರಿ (ಬರೆಯಬಲ್ಲ ಕಡೆ) ಮಾಡಿಕೊಂಡು ಸೇರಿಸಿ, ಎರಡೂ ಸರ್ವರಿನಲ್ಲಿ ಡ್ರಾಕಟ್ -ಎಫ್ ಹೊಡೆದು ಇನಿಟ್‌ರ್ಯಾಮ್‌ಎಫ್‌ಎಸ್ ಮತ್ತೆ ಕಟ್ಟಿರಿ.

ವಿಜಿ ಮಾಡುವ ಮೊದಲೇ ಎರಡೂ ಕಡೆ ಸಿಸ್ಟಂ ಐಡಿ (ವಿಜಿ ಯಾವ ಸರ್ವರಿನದು ಎಂಬ ಗುರುತು) ಸೋರ್ಸ್ "ಯುನೇಮ್" ಆಗಿರಲಿ, ಹೋಸ್ಟ್‌ನೇಮ್ ಮತ್ತೆ ಬದಲಾಗದಿರಲಿ. ವಿಜಿಕ್ರಿಯೇಟ್‌ಗೆ ಸೆಟ್‌ಆಟೋಆಕ್ಟಿವೇಶನ್ ಎನ್ (ತಾನಾಗಿ ಏಳಬೇಡ) ಕಡ್ಡಾಯ. ವಾಲ್ಯೂಮ್ ಎಬ್ಬಿಸುವ ಹಕ್ಕು ಪೇಸ್‌ಮೇಕರ್‌ನ ಎಲ್‌ವಿಎಂ-ಆಕ್ಟಿವೇಟ್ ಏಜೆಂಟ್‌ಗೆ ಮಾತ್ರ, ಆಕ್ಸೆಸ್ ಮೋಡ್ ಸಿಸ್ಟಂ_ಐಡಿ. ಗ್ರೂಪಿನಲ್ಲಿ ಏಜೆಂಟ್, ಫೈಲ್‌ಸಿಸ್ಟಂ, ಡೇಟಾಬೇಸ್, ಐಪಿ, ಇದೇ ಸಾಲು. ಗ್ರೂಪಿಗೂ ಡಿಆರ್‌ಬಿಡಿ ಪ್ರಮೋಟ್‌ಗೂ (ಪ್ರೈಮರಿ ಮಾಡುವುದಕ್ಕೂ) ಕೊಲೊಕೇಶನ್ (ಒಂದೇ ಸರ್ವರಿನಲ್ಲಿರಲಿ), ಆರ್ಡರ್ (ಪ್ರಮೋಟ್ ಮೊದಲು, ಗ್ರೂಪ್ ಆಮೇಲೆ) ಎರಡೂ ಬೇಕು. ಕೊಲೊಕೇಶನ್ ಮಾತ್ರ ಹಾಕಿ ಆರ್ಡರ್ ಮರೆತಿದ್ದಕ್ಕೆ ಒಂದು ಭಾನುವಾರ ಹೋಯಿತು.

ಫೆನ್ಸಿಂಗ್ ಅಂದರೆ ಉತ್ತರ ಕೊಡದ ಸರ್ವರನ್ನು ಆಫ್ ಮಾಡಿ ಡೇಟಾ ಮುಟ್ಟದಂತೆ ತಡೆಯುವುದು. ಅದರಲ್ಲಿ ಜಿಪುಣತನ ಮಾಡಿದವರು ಆಮೇಲೆ ಅಳುತ್ತಾರೆ. ಮೊದಲು ಐಪಿಎಂಐ (ಸರ್ವರಿನೊಳಗಿನ ಬಿಎಂಸಿ ಚಿಪ್ ಮೂಲಕ ಆನ್-ಆಫ್ ಮಾಡುವ ದಾರಿ) ಒಂದನ್ನೇ ನಂಬಿದ್ದೆವು. ಒಂದು ಸರ್ವರಿನ ಯುಪಿಎಸ್ ಸತ್ತಾಗ ಅದರ ಬಿಎಂಸಿಯೂ ಜೊತೆಗೇ ಸತ್ತಿತು. ಸರ್ವರ್ ಆಫ್ ಆಗಿದೆ ಎಂದು ಖಾತ್ರಿ ಹೇಳುವವರಿಲ್ಲದೆ ಜೀವಂತ ಸರ್ವರ್ ಕೈಕಟ್ಟಿ ನಿಂತಿತು, ಬಿಲ್ಲಿಂಗ್ ನಲವತ್ತು ನಿಮಿಷ ಬಂದ್. ಈಗ ಎರಡನೇ ಹಂತಕ್ಕೆ ಸ್ವಿಚ್ಡ್ ಪಿಡಿಯು (ದೂರದಿಂದಲೇ ಔಟ್‌ಲೆಟ್ ಆಫ್ ಮಾಡಬಹುದಾದ ಪ್ಲಗ್ ಪಟ್ಟಿ) ಇದೆ, ಅದಕ್ಕೆ ಕರೆಂಟು ಬೇರೆ ಯುಪಿಎಸ್‌ನಿಂದ. ಸರ್ವರಿಗೆ ಎರಡು ಪವರ್ ಸಪ್ಲೈ ಇದ್ದರೆ ಎರಡೂ ಔಟ್‌ಲೆಟ್ ಒಂದೇ ಫೆನ್ಸಿಂಗ್ ಹಂತದಲ್ಲಿರಬೇಕು, ಎರಡೂ ಆಫ್ ಆದ ಮೇಲೇ ಆನ್. ಡಿಆರ್‌ಬಿಡಿಯಲ್ಲೂ ಫೆನ್ಸಿಂಗ್‌ಗೆ ರಿಸೋರ್ಸ್-ಅಂಡ್-ಸ್ಟೋನಿತ್ ಹಾಕಿ. ಎರಡೂ ಸರ್ವರ್ ಒಂದಕ್ಕೊಂದು ಗುಂಡು ಹೊಡೆಯದಂತೆ ಒಂದು ಕಡೆ ಮಾತ್ರ ಫೆನ್ಸಿಂಗ್ ಡಿಲೇ ಇಡಬೇಕು. ಎಷ್ಟು ಸೆಕೆಂಡ್ ಎಂಬ ಲೆಕ್ಕ ನಮ್ಮ ಹೊಟ್ಟೆಪಾಡು, ಕೇಳಬೇಡಿ.

ಬ್ಯಾಕಪ್ ಸ್ಕ್ರಿಪ್ಟ್ ಕೂಡ ಒಮ್ಮೆ ಸರ್ವರ್ ಕೊಂದಿತು. ಬ್ಯಾಕಪ್‌ಗೆ ತೆಗೆದ ಸ್ನ್ಯಾಪ್‌ಶಾಟ್ (ಎಲ್‌ವಿಯ ಆ ಕ್ಷಣದ ಪ್ರತಿ) ಮೌಂಟ್ ಆಗಿದ್ದಾಗಲೇ ಆ ಸರ್ವರಿಗೆ ಸ್ಟ್ಯಾಂಡ್‌ಬೈ (ಕೆಲಸ ಬಿಟ್ಟುಕೊಡು) ಕೊಟ್ಟೆವು. ಎಲ್‌ವಿ ಬಳಕೆಯಲ್ಲಿದೆ ಎಂದು ಡಿಆಕ್ಟಿವೇಟ್ ಆಗಲಿಲ್ಲ, ಸ್ಟಾಪ್ ಫೇಲ್, ಸ್ಟಾಪ್ ಫೇಲ್ ಆದರೆ ಫೆನ್ಸ್. ವಿಜಿಯಲ್ಲಿ ಶೇ. 15-20 ಖಾಲಿ ಬಿಡಿ, ಇಲ್ಲದಿದ್ದರೆ ಸ್ನ್ಯಾಪ್‌ಶಾಟ್ ತುಂಬಿ ಇನ್‌ವ್ಯಾಲಿಡ್ ಆಗುತ್ತದೆ.

ನಡುವೆ ಎರಡೂ ಸರ್ವರ್ ಒಟ್ಟಿಗೇ ಬರೆಯುವ ಡ್ಯುಯಲ್ ಪ್ರೈಮರಿ, ಅದಕ್ಕೆ ಲಾಕ್ ಕಾಯುವ ಎಲ್‌ವಿಎಂಲಾಕ್‌ಡಿ, ಡಿಎಲ್‌ಎಂ, ಹಂಚಿಕೆಯ ಫೈಲ್‌ಸಿಸ್ಟಂ ಜಿಎಫ್‌ಎಸ್2 ಆಟವನ್ನೂ ಆಡಿದೆವು. ಒಂದೇ ಡೈರೆಕ್ಟರಿಯಲ್ಲಿ ಎರಡೂ ಕಡೆಯಿಂದ ಸಣ್ಣ ಫೈಲ್ ಬರೆದರೆ ಲಾಕ್ ಅತ್ತಿತ್ತ ಓಡುವುದರಲ್ಲೇ ಹೊತ್ತು ಹೋಗುತ್ತದೆ. ಮೂರು ದಿನಕ್ಕೆ ಕಿತ್ತುಹಾಕಿದೆವು. ಈಗಿನ ಫೇಲ್‌ಓವರ್ (ಕೆಲಸ ಇನ್ನೊಂದು ಸರ್ವರಿಗೆ ದಾಟುವುದು) ಸುಮಾರು ಮೂವತ್ತು ಸೆಕೆಂಡ್, ಫೆನ್ಸ್ ಸೇರಿ.

ಕರ್ನಲ್ ಅಪ್‌ಡೇಟ್‌ಗೆ ಕಣ್ಣು ಮುಚ್ಚಿ ಹೂಂ ಅನ್ನಬೇಡಿ. ಅಲ್ಮಾಲಿನಕ್ಸ್ 9ರ ಮೈನರ್ ರಿಲೀಸ್ ಬದಲಾದಾಗ ಇಎಲ್‌ರೆಪೋದ ಡಿಆರ್‌ಬಿಡಿ ಮಾಡ್ಯೂಲ್ ಹೊಸ ಕರ್ನಲ್‌ಗೆ ಹೊಂದದೇ ಹೋಗಬಹುದು. ಸ್ಟ್ಯಾಂಡ್‌ಬೈ ಸರ್ವರ್ ಮೊದಲು ಏರಿಸಿ, ಡಿಆರ್‌ಬಿಡಿ ಮಾಡ್ಯೂಲ್ ಲೋಡ್ ಆಗಿ ಸಿಂಕ್ "ಅಪ್‌ಟುಡೇಟ್" ಎಂದ ಮೇಲೇ ಎರಡನೆಯದನ್ನು ಮುಟ್ಟಿ.